ಗೀಸರ್ ಆಮೇಲೆ, ಮೊದಲು ತಂತಿ ನೋಡಿ

ಧನುರ್ಮಾಸ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳ ಧಾಟಿಯೇ ಬದಲಾಗುತ್ತದೆ. ಬೇಸಿಗೆಯಲ್ಲಿ ಬೋರ್‌ವೆಲ್, ಮಳೆಗಾಲದಲ್ಲಿ ಸೋರುವ ತಾರಸಿ, ಚಳಿಗಾಲದಲ್ಲಿ ಬಿಸಿನೀರು. ನಂಜನಗೂಡು, ತಿ. ನರಸೀಪುರ ಕಡೆಯ ಓದುಗರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ‘ಊರಿನಿಂದ ಬಂದು ಫ್ಲ್ಯಾಟ್ ಮಾಡಿದ್ದೇವೆ. ಬಚ್ಚಲುಮನೆ ನಾಲ್ಕಡಿ ಅಗಲ, ಆರಡಿ ಉದ್ದ. ಗ್ಯಾಸ್ ಗೀಸರ್ ಹಾಕಿಸೋದೋ, ಕರೆಂಟಿಂದೋ? ಯಾವ ಕಂಪನಿದು ಒಳ್ಳೇದು?’ ಕಂಪನಿಯ ಹೆಸರು ಹೇಳುವುದು ನನ್ನ ಕೆಲಸವಲ್ಲ. ಹೇಳಿದರೂ ಪ್ರಯೋಜನ ಕಡಿಮೆ. ಸಣ್ಣ ಬಚ್ಚಲಿನಲ್ಲಿ ಜೀವ ಉಳಿಸುವುದಾಗಲಿ ತೆಗೆಯುವುದಾಗಲಿ ಗೀಸರ್ ಮೇಲಿನ ಹೆಸರಲ್ಲ. ಅದರ ಹಿಂದಿನ ತಂತಿ ಮತ್ತು ಕೋಣೆಯ ಗಾಳಿ.

ಮೊದಲು ಗಾಳಿಯ ವಿಷಯ. ಹದಿನಾರು ಮುಖದ ಚಾವಡಿಯ ಊರು ಹೆಡತಲೆಯಲ್ಲಾಗಲಿ, ಸುತ್ತಲಿನ ಹಳ್ಳಿಗಳಲ್ಲಾಗಲಿ ಹಳೆಯ ಮನೆಗಳ ಬಚ್ಚಲನ್ನು ನೆನೆಸಿಕೊಳ್ಳಿ. ಹಿತ್ತಲ ಕಡೆ ನಾಡಹೆಂಚಿನ ಮಾಡು, ಮೂಲೆಯಲ್ಲಿ ಮಣ್ಣು ಮೆತ್ತಿದ ಒಲೆ, ಅದರ ಮೇಲೆ ಹೂತಿಟ್ಟ ತಾಮ್ರದ ಹಂಡೆ. ತೆಂಗಿನ ಗರಿ, ಮಟ್ಟೆ, ಕರಟ ಏನು ಸಿಕ್ಕರೂ ಉರಿ. ಹೊಗೆ ಕಣ್ಣು ಉರಿಸುತ್ತಿತ್ತು, ಗೋಡೆ ಕಪ್ಪಾಗುತ್ತಿತ್ತು. ಆದರೆ ಹೆಂಚಿನ ಸಂದಿಯಿಂದ, ಗೋಡೆಗೂ ಮಾಡಿಗೂ ನಡುವಿನ ಬಿಡುವಿನಿಂದ ಗಾಳಿ ಆಡುತ್ತಲೇ ಇತ್ತು. ಬೆಂಕಿಗೂ ಸ್ನಾನ ಮಾಡುವವನಿಗೂ ಸಾಕಾಗುವಷ್ಟು ಉಸಿರು ಅಲ್ಲಿತ್ತು. ಫ್ಲ್ಯಾಟಿಗೆ ಬರುವಾಗ ನಾವು ಹಂಡೆಯನ್ನು ಬಿಟ್ಟು ಬಂದೆವು, ಬೆಂಕಿಯನ್ನು ಮಾತ್ರ ಗ್ಯಾಸ್ ಗೀಸರಿನ ರೂಪದಲ್ಲಿ ಜೊತೆಗೆ ತಂದೆವು. ಅದು ಬಂದು ಕುಳಿತ ಜಾಗದಲ್ಲಿ ಮಾಡಿನ ಸಂದಿ ಇಲ್ಲ.

ಲೆಕ್ಕ ಹಾಕಿ ನೋಡೋಣ. ನಾಲ್ಕಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಕೋಣೆಯಲ್ಲಿರುವ ಗಾಳಿ 192 ಘನ ಅಡಿ, ಅಂದರೆ ಸುಮಾರು 5.4 ಘನ ಮೀಟರ್. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗ್ಯಾಸ್ ಗೀಸರ್ ಪೂರ್ತಿ ಉರಿದರೆ ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೋ ಅನಿಲ ಸುಡುತ್ತದೆ. ಒಂದು ಕಿಲೋ ಅನಿಲ ಸರಿಯಾಗಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಹತ್ತು ನಿಮಿಷದ ಸ್ನಾನಕ್ಕೆ 2 ಘನ ಮೀಟರ್ ಆಯಿತು. ಬಾಗಿಲು ಮುಚ್ಚಿ, ಚಳಿ ಎಂದು ಗಾಳಿಕಿಂಡಿಗೂ ಬಟ್ಟೆ ತುರುಕಿದ್ದರೆ, ಆ ಹತ್ತು ನಿಮಿಷದಲ್ಲೇ ಕೋಣೆಯ ಗಾಳಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಗೀಸರ್ ತಿಂದು ಮುಗಿಸಿರುತ್ತದೆ. ಆಮ್ಲಜನಕ ಕಡಿಮೆಯಾದಂತೆ ಜ್ವಾಲೆ ಅರೆಬರೆ ಉರಿಯುತ್ತದೆ, ಕಾರ್ಬನ್ ಮೋನಾಕ್ಸೈಡ್ ಹುಟ್ಟುತ್ತದೆ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆ ತಿರುಗಿತು ಅನ್ನುವಷ್ಟರಲ್ಲಿ ಚಿಲಕ ತೆಗೆಯಲೂ ಕೈಯಲ್ಲಿ ಬಲ ಇರುವುದಿಲ್ಲ.

2025ರ ಅಕ್ಟೋಬರ್‌ನಲ್ಲಿ ನಮ್ಮದೇ ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆ ಹೋದ ಅಕ್ಕ ತಂಗಿಯರಿಬ್ಬರು ಹೀಗೆ ಜೀವ ಕಳೆದುಕೊಂಡ ಸುದ್ದಿ ಬಂತು. ಬೆಂಗಳೂರಿನಿಂದಲೂ ಇಂಥ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಇಂಥ ವರದಿಗಳಲ್ಲಿ ಸಾಮಾನ್ಯವಾಗಿ ‘ಗ್ಯಾಸ್ ಸೋರಿಕೆ’ ಎಂದು ಬರೆಯುತ್ತಾರೆ. ಅದನ್ನು ಓದಿದವರು ‘ನಮ್ಮ ಮನೆಯಲ್ಲಿ ಪೈಪು ಸರಿಯಾಗಿದೆ, ವಾಸನೆ ಬಂದರೆ ಗೊತ್ತಾಗುತ್ತದೆ’ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಸಿಲಿಂಡರಿನ ಅನಿಲಕ್ಕೆ ವಾಸನೆ ಬೆರೆಸಿರುತ್ತಾರೆ, ಸೋರಿದರೆ ಮೂಗಿಗೆ ತಿಳಿಯುತ್ತದೆ. ಉರಿದ ಮೇಲೆ ಹುಟ್ಟುವ ಕಾರ್ಬನ್ ಮೋನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪೈಪು, ರೆಗ್ಯುಲೇಟರ್ ಎಲ್ಲ ಹೊಸದಾಗಿದ್ದರೂ ಮುಚ್ಚಿದ ಕೋಣೆಯಲ್ಲಿ ಸಾವು ಬರಬಹುದು. ಆದ್ದರಿಂದ ನನ್ನ ಮಾತು ನೇರ: ಗ್ಯಾಸ್ ಗೀಸರ್ ಬೇಕೇ ಬೇಕು ಅನ್ನುವವರು ಅದನ್ನು ಬಚ್ಚಲಿನ ಹೊರಗೆ, ತೆರೆದ ಬಾಲ್ಕನಿಯಲ್ಲಿಟ್ಟು ಬಿಸಿನೀರಿನ ಪೈಪನ್ನಷ್ಟೇ ಒಳಗೆ ತನ್ನಿ. ಅಷ್ಟು ಜಾಗ ಇಲ್ಲದಿದ್ದರೆ ಅದು ನಿಮ್ಮ ಮನೆಗೆ ಬೇಡ.

‘ಗ್ಯಾಸ್ ಅಗ್ಗ ಅಲ್ಲವಾ?’ ಎಂದು ಕೇಳುವವರಿದ್ದಾರೆ. ನಾಲ್ಕು ಜನರ ಸಂಸಾರ, ತಲೆಗೊಂದು ಬಕೆಟ್ ಹದವಾದ ಬಿಸಿನೀರು ಎಂದಿಟ್ಟುಕೊಳ್ಳಿ. 22 ಡಿಗ್ರಿಯ ನೀರನ್ನು 40 ಡಿಗ್ರಿಗೆ ತರಲು 20 ಲೀಟರಿನ ಬಕೆಟ್ಟಿಗೆ ಸುಮಾರು 0.42 ಯೂನಿಟ್ ಶಾಖ ಬೇಕು. ತಿಂಗಳಿಗೆ 50 ಯೂನಿಟ್. ತೊಟ್ಟಿಯಿಂದ ಆರಿಹೋಗುವ ಶಾಖ ಸೇರಿಸಿ 55 ಎನ್ನಿ. ಯೂನಿಟ್ಟಿಗೆ ಆರು ರೂಪಾಯಿ ಲೆಕ್ಕದಲ್ಲಿ 330 ರೂಪಾಯಿ. ಇದೇ ಕೆಲಸಕ್ಕೆ 14.2 ಕಿಲೋ ಸಿಲಿಂಡರಿನ ಮೂರನೇ ಒಂದು ಭಾಗ ಹೋಗುತ್ತದೆ. ಸಿಲಿಂಡರಿಗೆ 900 ರೂಪಾಯಿ ಎಂದರೆ 300 ರೂಪಾಯಿ. ಮೂವತ್ತು ರೂಪಾಯಿ ಉಳಿತಾಯಕ್ಕೆ ಮುಚ್ಚಿದ ಕೋಣೆಯಲ್ಲಿ ಬೆಂಕಿ ಹೊತ್ತಿಸುವುದು ಯಾವ ಜಾಣತನ?

ಹಾಗಾದರೆ ಕರೆಂಟ್ ಗೀಸರ್. ಇಲ್ಲಿ ತಂತಿಯ ಪ್ರಶ್ನೆ ಬರುತ್ತದೆ. ನಮ್ಮ ಸೀಮೆ ವಿದ್ಯುತ್ತಿಗೆ ಹೊಸದಲ್ಲ. ತಿ. ನರಸೀಪುರದಿಂದ ಕಾವೇರಿಯ ಹರಿವಿನ ಜೊತೆ ಕೆಳಗೆ ಹೋದರೆ ಸಿಗುವ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಉತ್ಪಾದನೆ ಶುರುವಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಅದು ಹಳ್ಳಿಯ ಮನೆಯೊಳಕ್ಕೆ ಬಂದದ್ದು ಬಹಳ ತಡವಾಗಿ, ಬಂದದ್ದೂ ಬೆಳಕಿನ ರೂಪದಲ್ಲಿ. ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗೆ ಕೊಟ್ಟದ್ದು ಒಂದು ಬಲ್ಬು, 40 ವಾಟಿನದು. 3 ಕಿಲೋವಾಟಿನ ಒಂದು ಗೀಸರ್ ಎಂದರೆ ಅಂಥ 75 ಬಲ್ಬುಗಳನ್ನು ಒಟ್ಟಿಗೆ ಹೊತ್ತಿಸಿದಂತೆ. ಹಳ್ಳಿ ಬಿಡಿ, ನಂಜನಗೂಡಿನ ಎಷ್ಟೋ ಹಳೆಯ ಅಪಾರ್ಟ್‌ಮೆಂಟುಗಳ, ಬಾಡಿಗೆ ಮನೆಗಳ ವೈರಿಂಗ್ ಇನ್ನೂ ಬಲ್ಬು, ಫ್ಯಾನು, ಟಿ.ವಿ.ಯ ಲೆಕ್ಕದಲ್ಲೇ ಇದೆ. ಅದರ ತುದಿಗೆ ಗೀಸರ್ ಸಿಕ್ಕಿಸಿ ‘ನೀರು ಕಾಯುತ್ತದೆ, ಸರಿಯಾಗಿದೆ’ ಎಂದುಕೊಳ್ಳುತ್ತೇವೆ.

ನನ್ನ ಚಿಕ್ಕವ್ವ ಹೆಡತಲೆಯ ಕಡೆಯವರು. ಮಗನಿಗೆ ತಾಂಡವಪುರದ ಕಾರ್ಖಾನೆಯಲ್ಲಿ ಕೆಲಸ. ನಂಜನಗೂಡಿನಲ್ಲಿ ಎರಡು ಕೋಣೆಯ ಫ್ಲ್ಯಾಟ್ ಕೊಂಡು ಅಮ್ಮನನ್ನೂ ಕರೆತಂದಿದ್ದಾನೆ. ಕಳೆದ ಚಳಿಗಾಲ ಅಲ್ಲಿಗೆ ಹೋದಾಗ ಚಿಕ್ಕವ್ವ ಕಾಫಿ ಲೋಟ ಕೈಗಿಡುತ್ತಲೇ ದೂರು ಶುರುಮಾಡಿದರು: ‘ನಲ್ಲಿ ಮುಟ್ಟುದ್ರ ಜುಮ್ ಅಂತದ ಕನಪ್ಪಾ. ಹೇಳುದ್ರ ಇವ್ನು ನಿಂಗೆ ವಯಸ್ಸಾಯ್ತು, ವಾಯು ಹಿಡ್ದದ ಅಂತಾನ.’ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆಸಿದೆವು. ಗೀಸರಿನ ಸಾಕೆಟ್ ಬಿಚ್ಚಿ ಹೊರಕ್ಕೆಳೆದಾಗ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಕೆಂಪು ತಂತಿಯ ತುದಿ ಎರಡಂಗುಲ ಕಂದಾಗಿ ಗಟ್ಟಿಯಾಗಿತ್ತು, ಬೆರಳಲ್ಲಿ ಬಗ್ಗಿಸಿದರೆ ಸಿಪ್ಪೆ ಪುಡಿಪುಡಿಯಾಗಿ ಉದುರಿತು. ಹಸಿರು ತಂತಿ ಇರಬೇಕಾದ ಮೇಲಿನ ದಪ್ಪ ತೂತಿನ ಹಿಂದೆ ಹಸಿರು ತಂತಿಯೇ ಇರಲಿಲ್ಲ. ಪಕ್ಕದ ನ್ಯೂಟ್ರಲ್‌ನಿಂದ ಒಂದು ತುಂಡು ಕಪ್ಪು ತಂತಿ ಎಳೆದು ಅಲ್ಲಿಗೆ ಸುತ್ತಿದ್ದರು. ‘ಅವ್ವಾರೇ, ನೀವು ಹೇಳಿದ್ದೇ ಸರಿ’ ಅಂದ ಹುಡುಗ. ಚಿಕ್ಕವ್ವ ಮಗನ ಕಡೆ ನೋಡಿದ ನೋಟ ಹೇಳುವಂತಿಲ್ಲ.

ಅಲ್ಲಿ ಕಂಡದ್ದು ಎರಡು ತಪ್ಪು, ಎರಡೂ ಎಲ್ಲ ಕಡೆ ಸಾಮಾನ್ಯ. ಮೊದಲನೆಯದು ತಂತಿಯ ದಪ್ಪ. 3 ಕಿಲೋವಾಟಿನ ಗೀಸರ್ 13 ಆಂಪಿಯರ್ ಎಳೆಯುತ್ತದೆ, 2 ಕಿಲೋವಾಟಿನದು ಸುಮಾರು 9. ದೀಪಕ್ಕೆ ಎಳೆದ 1 ಚದರ ಮಿಲಿಮೀಟರ್ ತಂತಿ ಇದಕ್ಕೆ ಸಾಲದು. ತಾಮ್ರದ ತಂತಿ ಕನಿಷ್ಠ 2.5 ಇರಬೇಕು, ದೂರ ಹೆಚ್ಚಿದ್ದರೆ 4. ಅದೂ ಮನೆಯ ತಂತಿಗಳೆಲ್ಲ ಹೊರಡುವ ಡಿಬಿ ಬಾಕ್ಸಿನಿಂದ ಗೀಸರಿಗೆಂದೇ ಬೇರೆಯಾಗಿ ಬರಬೇಕು, ದಾರಿಯಲ್ಲಿ ವಾಷಿಂಗ್ ಮಷೀನಿಗೂ ಫ್ರಿಜ್ಜಿಗೂ ಹಂಚಿಕೊಂಡು ಬರಬಾರದು. ಸಾಕೆಟ್ 16 ಆಂಪಿಯರಿನ ದೊಡ್ಡದೇ ಆಗಿರಲಿ. ಸ್ವಿಚ್ಚು ಬಾಗಿಲಿನ ಹೊರಗಿರಲಿ, ಕೆಂಪು ದೀಪವಿರುವ ಡಿಪಿ ಸ್ವಿಚ್ ಆದರೆ ಒಳ್ಳೆಯದು. ಅದು ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುತ್ತದೆ.

ಎರಡನೆಯದು ಅರ್ತಿಂಗ್, ಜೀವದ ಪ್ರಶ್ನೆ ಇರುವುದು ಇದರಲ್ಲಿ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಗೀಸರಿನ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತದೆ, ಹೊರಗಿನ ಕೊಳವೆ ಸವೆದು ಬಿರುಕು ಬಿಡುತ್ತದೆ. ಆಗ ವಿದ್ಯುತ್ತು ತೊಟ್ಟಿಯ ಲೋಹಕ್ಕೆ, ನೀರಿಗೆ ಇಳಿಯುತ್ತದೆ. ಹಸಿರು ತಂತಿ ಸರಿಯಾಗಿ ನೆಲ ಮುಟ್ಟಿದ್ದರೆ ಅದು ಆ ದಾರಿಯಲ್ಲಿ ಹರಿದುಹೋಗುತ್ತದೆ. ಇಲ್ಲದಿದ್ದರೆ ನಲ್ಲಿ ಹಿಡಿದು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವರೇ ಅದಕ್ಕೆ ದಾರಿ. ನ್ಯೂಟ್ರಲ್ಲನ್ನೇ ಅರ್ತ್ ಪಿನ್ನಿಗೆ ಕೂಡಿಸುವುದು ಇನ್ನೂ ಕೆಟ್ಟದ್ದು. ಎಲ್ಲೋ ನ್ಯೂಟ್ರಲ್ ಕಡಿದುಹೋದ ದಿನ ಗೀಸರಿನ ಮೈ ಪೂರ್ತಿ 230 ವೋಲ್ಟಿನಲ್ಲಿ ನಿಲ್ಲುತ್ತದೆ. ನೀರಿನ ಜುಮ್ಮೆನ್ನುವಿಕೆ ವಾಯುವಲ್ಲ, ವಯಸ್ಸಲ್ಲ, ಎಚ್ಚರಿಕೆ. ಮನೆಯ ಹಿರಿಯರೋ ಮಕ್ಕಳೋ ಹಾಗೆಂದರೆ ಮೊದಲು ಮೇನ್ ಆಫ್ ಮಾಡಿ, ಆಮೇಲೆ ಮಾತು.

ಬೋರ್ಡಿನಲ್ಲಿ ಎಂಸಿಬಿ ಇದೆಯಲ್ಲ, ಅದೇ ಟ್ರಿಪ್ ಆಗುವುದಿಲ್ಲವೇ ಎಂದು ಓದಿದವರೂ ಕೇಳುತ್ತಾರೆ. 16 ಆಂಪಿಯರಿನ ಎಂಸಿಬಿ ತನ್ನ ಮಿತಿ ಮೀರಿದರೆ ಬೀಳುತ್ತದೆ. ತಂತಿ ಕಾದು ಬೆಂಕಿ ಹತ್ತದಿರಲಿ ಎಂಬುದು ಅದರ ಕೆಲಸ. ನೆನೆದ ಮೈಯಲ್ಲಿ ಹರಿಯುವ ವಿದ್ಯುತ್ತು ಕಾಲು ಆಂಪಿಯರಿನ ಆಸುಪಾಸು. ಎಂಸಿಬಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ, ಮನುಷ್ಯನ ಎದೆ ನಿಲ್ಲಿಸಲು ಧಾರಾಳ ಸಾಕು. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಹೋದ ವಿದ್ಯುತ್ತು, ಮರಳಿ ಬಂದ ವಿದ್ಯುತ್ತು ಎರಡನ್ನೂ ಅದು ತೂಗುತ್ತಿರುತ್ತದೆ. ಆಂಪಿಯರಿನ ಸಾವಿರ ಭಾಗದಲ್ಲಿ ಮೂವತ್ತರಷ್ಟು, ಅಂದರೆ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿಯುತ್ತದೆ. ಸುಮಾರು ಎರಡು ಸಾವಿರ ರೂಪಾಯಿಯ ವಸ್ತು. ಹತ್ತು ಸಾವಿರದ ಗೀಸರಿಗೆ ಹಿಂದೆ ಮುಂದೆ ನೋಡದವರು ಇದಕ್ಕೆ ಚೌಕಾಸಿ ಮಾಡುವುದನ್ನು ಕಂಡಿದ್ದೇನೆ.

ಇಷ್ಟು ಆದ ಮೇಲೆ ಗೀಸರಿನ ಆಯ್ಕೆ ಸುಲಭ. ಜಾಗ ಕಡಿಮೆ ಎಂದು ಹಲವರು 3 ಲೀಟರಿನ ಇನ್‌ಸ್ಟಂಟ್ ಗೀಸರ್ ತರುತ್ತಾರೆ. ಪಾತ್ರೆ ತೊಳೆಯಲು, ಮುಖ ತೊಳೆಯಲು ಅದು ಚೆನ್ನ. ಸ್ನಾನಕ್ಕೆ ಅದು ಹದವಾದ ನೀರು ಕೊಡುವುದು ನಿಮಿಷಕ್ಕೆ ಎರಡು ಲೀಟರಿನಷ್ಟು, ಬಕೆಟ್ ತುಂಬಲು ಒಂಬತ್ತು ಹತ್ತು ನಿಮಿಷ. ನಮ್ಮದು ಬಕೆಟ್ಟು, ಚೊಂಬಿನ ಸ್ನಾನ; ಅದಕ್ಕೆ 15 ಲೀಟರಿನ, 2 ಕಿಲೋವಾಟಿನ ಸ್ಟೋರೇಜ್ ಗೀಸರ್ ಹೊಂದುತ್ತದೆ. 60 ಡಿಗ್ರಿಗೆ ಕಾಯಲು ಇಪ್ಪತ್ತು ನಿಮಿಷ, ತಣ್ಣೀರು ಬೆರೆಸಿದರೆ ಒಂದೂವರೆ ಬಕೆಟ್. ಐದಾರು ಜನ ಸಾಲಾಗಿ ಹೊರಡುವ ಮನೆಯಾದರೆ 25 ಲೀಟರ್. ಐಎಸ್‌ಐ ಮುದ್ರೆ, ಸ್ಟಾರ್ ಚೀಟಿ ಎರಡೂ ನೋಡಿ. ಇಡೀ ದಿನ ಆನ್ ಮಾಡಿಟ್ಟರೆ ಯಾರೂ ಸ್ನಾನ ಮಾಡದೆಯೂ ಅರ್ಧ ಯೂನಿಟ್‌ನಷ್ಟು ಗಾಳಿಗೆ ಹೋಗುತ್ತದೆ.

ನೇತುಹಾಕುವ ಗೋಡೆಯನ್ನೂ ನೋಡಬೇಕು. ನೀರು ತುಂಬಿದ 25 ಲೀಟರಿನ ಗೀಸರ್ ಮೂವತ್ತೈದು ಕಿಲೋ ದಾಟುತ್ತದೆ. ಹಾಲೋ ಬ್ಲಾಕಿನ ಗೋಡೆಯಲ್ಲಿ ಬೋಲ್ಟು ಹಿಡಿದಂತೆ ಕಂಡರೂ ಒಳಗೆ ಟೊಳ್ಳು. ಇನ್ನೊಂದು, ಸೇಫ್ಟಿ ವಾಲ್ವ್. ನೀರು ಕಾಯುವಾಗ ಅಲ್ಲಿಂದ ಹನಿ ತೊಟ್ಟಿಕ್ಕುವುದು ದೋಷವಲ್ಲ, ಒಳಗಿನ ಒತ್ತಡ ಹೊರಹೋಗುವ ದಾರಿ. ತೊಟ್ಟಿಕ್ಕುತ್ತದೆಂದು ಅದಕ್ಕೆ ಬಿರಡೆ ಹಾಕಿಸಿದವರಿದ್ದಾರೆ. ಥರ್ಮೋಸ್ಟಾಟ್ ಕೈಕೊಟ್ಟ ದಿನ ತೊಟ್ಟಿ ಸಿಡಿಯುವುದು ಇಂಥ ಮನೆಗಳಲ್ಲೇ. ಗಡಸು ನೀರಿನ ಕಡೆ ವರ್ಷಕ್ಕೊಮ್ಮೆ ಬಿಚ್ಚಿಸಿ ಸುಣ್ಣ ತೆಗೆಸಿ, ಒಳಗಿನ ಮೆಗ್ನೀಸಿಯಂ ಕಡ್ಡಿ ಸವೆದಿದ್ದರೆ ಬದಲಿಸಿ. ತೊಟ್ಟಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವುದೇ ಆ ಕಡ್ಡಿಯ ಕೆಲಸ. ಬಕೆಟ್ಟಿಗೆ ಇಳಿಬಿಡುವ ರಾಡನ್ನು ಮಾತ್ರ ಬಚ್ಚಲೊಳಗೆ ತರಲೇಬೇಡಿ. ನೀರು ಕಾದಿದೆಯೇ ಎಂದು ಸ್ವಿಚ್ ತೆಗೆಯದೆ ಬೆರಳು ಅದ್ದಿ ನೋಡುವ ಅಭ್ಯಾಸ ಎಷ್ಟು ಜನರನ್ನು ಬಲಿ ತೆಗೆದುಕೊಂಡಿದೆ ಎಂಬುದು ಪತ್ರಿಕೆ ಓದುವವರಿಗೆ ಗೊತ್ತು.

ಈಗ ಎಲ್ಲರೂ ಮೆಲ್ಲಗೆ ಕೇಳುವ ಪ್ರಶ್ನೆ: ಗೀಸರ್ ಹಾಕಿಸಿದರೆ ಗೃಹಜ್ಯೋತಿ ತಪ್ಪಿಹೋಗುತ್ತದೆಯೇ? 2023ರಲ್ಲಿ ಯೋಜನೆ ಬಂದಾಗ 200 ಯೂನಿಟ್ ಉಚಿತ ಎಂಬುದಷ್ಟೇ ಜನರ ಕಿವಿಗೆ ಬಿತ್ತು. ನಿಮಗೆ ಉಚಿತವಾಗಿರುವುದು 2022–23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಶೇ 10 ಮಾತ್ರ. ಸರಾಸರಿ 90 ಇದ್ದವರಿಗೆ 99. ಗೀಸರಿನ 55 ಸೇರಿ 145 ಆದರೆ 46 ಯೂನಿಟ್ಟಿಗೆ ದುಡ್ಡು ಕಟ್ಟಬೇಕು, ಮುನ್ನೂರು ರೂಪಾಯಿಯೊಳಗೆ. ಒಟ್ಟು ಬಳಕೆ 200 ದಾಟಿದ ತಿಂಗಳು ಮಾತ್ರ ಪೂರ್ತಿ ಬಿಲ್ಲು ನಿಮ್ಮದೇ. ಹಳೆಯ ಲೆಕ್ಕವಿಲ್ಲದ ಹೊಸ ಫ್ಲ್ಯಾಟಿನವರಿಗೆ ರಾಜ್ಯದ ಸರಾಸರಿ 53ರ ಮೇಲೆ ಶೇ 10 ಸೇರಿಸಿ ನಿಗದಿಯಾದದ್ದು 58 ಯೂನಿಟ್. ಗೀಸರ್ ಒಂದೇ ಅದನ್ನು ಹೆಚ್ಚುಕಡಿಮೆ ಮುಗಿಸುತ್ತದೆ. ಮುನ್ನೂರು ರೂಪಾಯಿ ಬಿಲ್ಲಿಗೆ ಹೆದರಿ ಮೀಟರ್ ತಪ್ಪಿಸಿ ತಂತಿ ಎಳೆಯುವುದು, ರಾಡು ಹಿಡಿಯುವುದು ಬೇಡ. ಮಂಜೂರಾದ ಲೋಡು 1 ಕಿಲೋವಾಟ್ ಮಾತ್ರ ಇದ್ದರೆ ವಿದ್ಯುತ್ ಕಂಪನಿ ಸೆಸ್ಕ್‌ನ ಉಪವಿಭಾಗದ ಕಚೇರಿಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ. ಕಿಲೋವಾಟಿನ ಲೆಕ್ಕದಲ್ಲಿ ನಿಗದಿತ ಶುಲ್ಕ ಏರುತ್ತದೆ, ಏರಲಿ. ತಾರಸಿಯಲ್ಲಿ ಸೋಲಾರ್ ಇದ್ದರೆ ಇನ್ನೂ ಒಳ್ಳೆಯದು; ಮೋಡದ ದಿನಗಳಿಗೆ ಮಾತ್ರ ಗೀಸರ್ ಸಾಕು.

ಕೊನೆಗೆ ವಿದೇಶದಲ್ಲಿ ಮಕ್ಕಳಿರುವ ಕೆಲವು ಓದುಗರು ಕೇಳುವುದು: ‘ಅಲ್ಲಿ ಬಚ್ಚಲುಮನೆಯನ್ನೇ ಬೆಚ್ಚಗಿಡುತ್ತಾರಂತೆ, ಇಲ್ಲೂ ಒಂದು ರೂಮ್ ಹೀಟರ್ ಇಡಬಹುದಾ?’ ಬ್ರಿಟನ್ನಿನಲ್ಲಿ ಗೋಡೆಗೆ ಹೀಟರ್, ಟವೆಲ್ ಒಣಗಿಸುವ ಬಿಸಿ ಕಂಬಿ ಎಲ್ಲ ಇವೆ ನಿಜ. ಅದರ ಜೊತೆಗೆ ಅಲ್ಲಿನ ನಿಯಮವನ್ನೂ ತಿಳಿಯಬೇಕು: ಸ್ನಾನದ ತೊಟ್ಟಿಯಿಂದ ಎರಡೂವರೆ ಮೀಟರ್ ಒಳಗೆ ಸಾಮಾನ್ಯ ಪ್ಲಗ್ ಸಾಕೆಟ್ ಕೂಡದು. ದೀಪದ ಸ್ವಿಚ್ಚು ಕೂಡ ಒದ್ದೆ ಕೈಗೆ ತಾಗದ ಹಾಗೆ ಮೇಲಿನಿಂದ ಇಳಿಬಿಟ್ಟ ದಾರ. ನಮ್ಮ ನಾಲ್ಕು–ಆರು ಅಡಿಯ ಬಚ್ಚಲಿನ ಮೂಲೆಯಿಂದ ಮೂಲೆಗೆ ಅಳೆದರೂ ಎರಡೂವರೆ ಮೀಟರ್ ಇಲ್ಲ. ಅಂದರೆ ಆ ನಿಯಮದಂತೆ ಇದರೊಳಗೆ ಎಲ್ಲೂ ಸಾಕೆಟ್ ಇಡುವಂತಿಲ್ಲ. ಜನವರಿಯ ಬೆಳಗಿನಲ್ಲೂ ಸಾಮಾನ್ಯವಾಗಿ ಹದಿನೈದು ಹದಿನಾರು ಡಿಗ್ರಿ ಇರುವ ನಮ್ಮ ಕಡೆ, ಕೈಲಿ ಹಿಡಿದು ಓಡಾಡಿಸುವ ಹೀಟರನ್ನು ನೀರು ಚಿಮ್ಮುವ ಕೋಣೆಗೆ ತರುವ ಅಗತ್ಯ ನನಗೆ ಕಾಣುವುದಿಲ್ಲ. ಬಕೆಟ್ಟಿಗೆ ಬೀಳುವ ಬಿಸಿನೀರಿನ ಆವಿಯೇ ಆ ಪುಟ್ಟ ಕೋಣೆಯ ಚಳಿ ಮುರಿಯುತ್ತದೆ. ಬಾಣಂತಿ, ಹಸುಗೂಸು, ವಯಸ್ಸಾದವರಿದ್ದರೆ ಸ್ನಾನವನ್ನು ಬಿಸಿಲೇರಿದ ಮೇಲೆ ಹತ್ತು ಗಂಟೆಗೆ ಇಟ್ಟುಕೊಳ್ಳಿ, ಮೈ ಒರೆಸಿ ಬಟ್ಟೆ ತೊಡಿಸುವುದನ್ನು ಒಣ ಕೋಣೆಯಲ್ಲಿ ಮಾಡಿ.

ಬಾಡಿಗೆಗೆ ಕೊಡುವ ಮನೆ ಮಾಲೀಕರಿಗೆ ಒಂದು ಮಾತು: ಗೀಸರ್ ಬಾಡಿಗೆದಾರ ತರಲಿ, ಆದರೆ ತಂತಿ, ಅರ್ತಿಂಗ್, ಆರ್‌ಸಿಸಿಬಿ ಗೋಡೆಯ ಜೊತೆ ಬರುವಂಥವು, ನೀವೇ ಕೊಡಬೇಕು. ಫ್ಲ್ಯಾಟಿನ ಸಂಘದವರು ಕಟ್ಟಡದ ಅರ್ತ್ ಗುಂಡಿ ಎಲ್ಲಿದೆ, ಕೊನೆಯ ಸಲ ಯಾವಾಗ ಪರೀಕ್ಷೆ ಮಾಡಿಸಿದ್ದು ಎಂಬುದನ್ನು ಮುಂದಿನ ಸಭೆಯಲ್ಲೇ ಕೇಳಲಿ. ನೀವು ಈ ಪುಟ ಮಡಚಿಟ್ಟು ಡಿಬಿ ಬಾಕ್ಸಿನ ಬಾಗಿಲು ತೆಗೆಯಿರಿ. ಅಲ್ಲಿ ಆರ್‌ಸಿಸಿಬಿ ಇದ್ದರೆ ಅದರ ಮೇಲೆ ‘ಟಿ’ ಎಂದು ಬರೆದ ಸಣ್ಣ ಗುಂಡಿ ಇರುತ್ತದೆ. ಒತ್ತಿ. ತಕ್ಷಣ ಟ್ರಿಪ್ ಆದರೆ ಸರಿ, ತಿಂಗಳಿಗೊಮ್ಮೆ ಹೀಗೇ ನೋಡುತ್ತಿರಿ. ಆಗದಿದ್ದರೆ, ಅಥವಾ ಗುಂಡಿಯೇ ಕಾಣದಿದ್ದರೆ, ನಾಳೆ ಮಾಡಬೇಕಾದ ಫೋನು ಗೀಸರ್ ಅಂಗಡಿಗಲ್ಲ, ಎಲೆಕ್ಟ್ರಿಷಿಯನ್ನಿಗೆ.